ಘಟ್ಟದ ಮೇಲಣ ತವರು, ಘಟ್ಟದ ಕೆಳಗಣ ಮನೆ

(ಶಾಲಾ ಧರ್ಮಸಂಘದ ವಾರ್ಷಿಕೋತ್ಸವದ ದಿನ ಮಾಡಿದ ಭಾಷಣ)



ತಮ್ಮ ಸಂಘದ ಕಾರ್ಯದರ್ಶಿಗಳು ನನಗೆ ಬರೆದ ಕಾಗದದಲ್ಲಿ “ತಾಯ್ನಾಡಿನ ಅಭಿಮಾನವನ್ನು ಕುರಿತು ನಾಲ್ಕು ಮಾತು ಆಡಬೇಕು” ಎಂದು ಅಪ್ಪಣೆ ಮಾಡಿದ್ದರು. ಕಾಗದವನ್ನು ಓದಿ ನನಗೆ ಸಂತೋಷವೂ ಆಯಿತು, ಸಂಕೋಚವೂ ಆಯಿತು. ನಾನು ವಿದ್ವಾಂಸನಲ್ಲ, ಕವಿಯಂತೂ ಅಲ್ಲವೇ ಅಲ್ಲ. 1973ರಿಂದ 2011ರವರೆಗೆ ಕೊಯಮತ್ತೂರು ಜಿಲ್ಲೆಯ ಅಂಚೆ ಕಚೇರಿಗಳಲ್ಲಿ ಕಾಗದ ವಿಂಗಡಿಸುವುದು, ಮನಿಯಾರ್ಡರ್ ಬರೆಯುವುದು, ಮುದ್ರೆಯೊತ್ತುವುದು, ಇಷ್ಟೇ ಕೆಲಸ ಮಾಡಿದವನು. ಅಂಥವನಿಗೆ ನಾಡೆಂದೊಡನೆ ಮೊದಲು ನೆನಪಿಗೆ ಬರುವುದು ಧ್ವಜವಲ್ಲ, ಜಯಘೋಷವಲ್ಲ. ಲಕೋಟೆಯ ಬಲಭಾಗದಲ್ಲಿ ಬರೆದಿರುವ ವಿಳಾಸ. ಆದುದರಿಂದ ನಾನು ಅಭಿಮಾನವನ್ನು ಕುರಿತು ಮಾತನಾಡುವುದಕ್ಕಿಂತ ವಿಳಾಸವನ್ನು ಕುರಿತು ಮಾತನಾಡಿದರೆ ತಾವು ಕ್ಷಮಿಸಬೇಕು.

ಇಂದು ಬೆಳಗಿನ ಜಾವ ಕೊಯಮತ್ತೂರಿನಲ್ಲಿ ಬಸ್ಸು ಹತ್ತಿದೆ. ಅನ್ನೂರು, ಪುಳಿಯಂಪಟ್ಟಿ, ಸತ್ಯಮಂಗಲ, ಅಲ್ಲಿಂದ ಬಣ್ಣಾರಿ, ಬಣ್ಣಾರಿಯಿಂದ ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳು. ಮೊದಲ ತಿರುವಿನಲ್ಲಿ ಮೈಯೆಲ್ಲ ಬೆವರು, ಇಪ್ಪತ್ತೇಳನೆಯ ತಿರುವಿನಲ್ಲಿ ಹೊದೆಯುವುದಕ್ಕೆ ಶಾಲು ಬೇಕು. ಘಟ್ಟ ಹತ್ತಿದ ಮೇಲೆ ಇನ್ನೂ ತಮಿಳುನಾಡೇ. ಆದರೆ ತಾಳವಾಡಿಯ ಕಡೆಯ ಹಳ್ಳಿಗಳಲ್ಲಿ ಬಸ್ಸು ಹತ್ತುವವರ ಬಾಯಲ್ಲಿ ಕನ್ನಡ. ಇನ್ನಷ್ಟು ಮುಂದೆ ಬಂದರೆ ಕರ್ನಾಟಕದ ತಪಾಸಣೆಯ ಗೇಟು. ಗಡಿಯೆಂಬುದು ಎಲ್ಲಿದೆಯೆಂದು ಬಸ್ಸಿನ ಕಂಡಕ್ಟರು ಬಲ್ಲ, ಪೊಲೀಸಿನವರು ಬಲ್ಲರು. ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದ ಹೆಂಗಸನ್ನು ಕೇಳಿದರೆ ಆಕೆ ಏನು ಹೇಳುವಳೋ ನನಗೆ ತಿಳಿಯದು.

ನಾನು ಹುಟ್ಟಿದುದು 1951ರಲ್ಲಿ, ಮೇಟುಪಾಳ್ಯದ ಹತ್ತಿರ ಭವಾನಿ ಹೊಳೆಯ ದಡದಲ್ಲಿರುವ ಸಿರುಮುಗೈ ಎಂಬ ಊರಿನಲ್ಲಿ. ನಮ್ಮದು ನೇಕಾರರ ಮನೆ. ಬೀದಿಯ ಎರಡು ಸಾಲಿನಲ್ಲಿಯೂ ಕುಣಿಮಗ್ಗಗಳು. ಬೀದಿಯಲ್ಲಿ ಹಾಸು ಚಾಚಿ ಗಂಜಿ ಹಚ್ಚುತ್ತಿದ್ದ ದಿನಗಳಲ್ಲಿ ಎತ್ತಿನ ಗಾಡಿಗಳು ಬೇರೆ ಬೀದಿಯನ್ನು ಹಿಡಿದು ಹೋಗಬೇಕಾಗಿತ್ತು. ಆ ಬೀದಿಯೊಳಗೆ ಕನ್ನಡ. ಬೀದಿ ದಾಟಿದರೆ ತಮಿಳು. ಅಂಗಡಿಗೆ ಬೆಲ್ಲ ತರಲು ಹೋಗುವ ಐದು ವರ್ಷದ ಹುಡುಗನೂ ಬೀದಿಯ ತಿರುವಿನಲ್ಲಿ, ತನಗರಿವಿಲ್ಲದೆ, ಒಂದು ಭಾಷೆಯನ್ನು ಬಿಟ್ಟು ಇನ್ನೊಂದನ್ನು ತೊಟ್ಟುಕೊಳ್ಳುತ್ತಿದ್ದನು. ಕನ್ನಡವೆಂದೆನಷ್ಟೆ, ಅದು ತಮ್ಮ ಪಠ್ಯಪುಸ್ತಕದ ಕನ್ನಡವಲ್ಲ. ಅರ್ಧ ತಮಿಳು ಬೆರೆತ, ಬರೆಯುವ ಅಭ್ಯಾಸವೇ ಇಲ್ಲದ ಮನೆಮಾತು. ನಮ್ಮ ಬೀದಿಯ ಬಹುಮಂದಿಗೆ ಕನ್ನಡಕ್ಕೆ ಒಂದು ಲಿಪಿಯುಂಟೆಂಬುದು ಕೇಳಿ ತಿಳಿದ ಸಂಗತಿಯೇ ಹೊರತು ಕಂಡು ತಿಳಿದುದಲ್ಲ.

ನನಗೆ ಅಕ್ಷರ ಬಂದುದು ತಾಯಿಯ ಕಡೆಯಿಂದ. ಆಕೆಯ ತವರು ಕೊಳ್ಳೇಗಾಲ. ಆಕೆ ಮದುವೆಯಾಗಿ ಬಂದಾಗ ಕೊಳ್ಳೇಗಾಲವೂ ಸಿರುಮುಗೈಯೂ ಒಂದೇ ಜಿಲ್ಲೆ. ಎರಡೂ ಮದರಾಸು ಪ್ರಾಂತದ ಕೊಯಮತ್ತೂರಿಗೆ ಸೇರಿದವು. ಕಂದಾಯದ ಕಾಗದಪತ್ರಗಳಿಗೆ ಕೊಳ್ಳೇಗಾಲದವರು ಘಟ್ಟವಿಳಿದು ಕೊಯಮತ್ತೂರಿಗೆ ಬರಬೇಕಾಗಿದ್ದ ಕಾಲ. 1956ನೆಯ ನವೆಂಬರು 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಯಿತು. ತಾಳವಾಡಿಯ ಭಾಗ ಮದರಾಸಿನಲ್ಲಿಯೇ ಉಳಿಯಿತು. ನನಗಾಗ ಐದು ವರ್ಷ. ನಮ್ಮ ತಾಯಿ ಮಗ್ಗದ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ಯಾರೋ ಬಂದು, “ನಿನ್ನ ತವರು ಬೇರೆ ರಾಜ್ಯವಾಯಿತಂತೆ” ಎಂದು ಹೇಳಿದರಂತೆ. ಆಕೆ ರಾಟೆಯನ್ನು ನಿಲ್ಲಿಸದೆಯೇ, “ಅದೆಲ್ಲಿಗೆ ಹೋಯಿತು?” ಎಂದು ಕೇಳಿದಳಂತೆ. ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಬಹುಕಾಲ ನಗೆಚಾಟಿಕೆಯಾಗಿ ಹೇಳುತ್ತಿದ್ದರು. ವಯಸ್ಸಾದಂತೆ ನನಗೆ ಅದು ನಗೆಯ ಮಾತಾಗಿ ಕೇಳುತ್ತಿಲ್ಲ. ಯಾರೂ ಗಂಟುಮೂಟೆ ಕಟ್ಟಲಿಲ್ಲ, ಯಾರೂ ಗಾಡಿ ಹೂಡಲಿಲ್ಲ. ಆದರೂ ತಾಯಿಮಗಳ ನಡುವೆ, ಅಣ್ಣತಂಗಿಯರ ನಡುವೆ ಒಂದು ಗೆರೆ ಬಿದ್ದಿತು.

ಈ ಗೆರೆಯ ವಿಚಿತ್ರವನ್ನು ಬಾಲಕರು ತಿಳಿಯಬೇಕಾದರೆ ಗಾಜನೂರನ್ನು ನೆನೆಯಿರಿ. ಕನ್ನಡಿಗರು ಮನೆಮನೆಯಲ್ಲಿಯೂ ಪಟವಿಟ್ಟುಕೊಂಡಿರುವ ಡಾ. ರಾಜಕುಮಾರರು 1929ರಲ್ಲಿ ಹುಟ್ಟಿದ ಊರು ಅದು. ಅಂದು ಅದು ಕೊಯಮತ್ತೂರು ಜಿಲ್ಲೆ. ಇಂದು ಈರೋಡು ಜಿಲ್ಲೆ. ಅಂದೂ ಇಂದೂ ಕರ್ನಾಟಕದ ಗಡಿಯಿಂದಾಚೆ. 2000ನೆಯ ಇಸವಿ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಅವರನ್ನು ಅಪಹರಿಸಿದ್ದು ಆ ಊರಿನ ಮನೆಯಿಂದಲೇ. ಅವರು ಬಿಡುಗಡೆಯಾಗುವವರೆಗಿನ 108 ದಿನಗಳು ನಮ್ಮಂಥವರಿಗೆ ಹೇಗೆ ಕಳೆದವೆಂಬುದನ್ನು ಹೇಳಲು ಹೊರಟರೆ ಈ ಸಭೆ ಸಂಜೆಯವರೆಗೂ ಮುಗಿಯದು.

ಇರಲಿ. ನಮ್ಮ ಹಿರಿಯರು ಘಟ್ಟವಿಳಿದುದು ಏಕೆ? ನಮ್ಮ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಹಂಪೆ ಹಾಳಾಯಿತು, ಅರಸನಿಲ್ಲದ ನಾಡಿನಲ್ಲಿ ಪಟ್ಟೆ ಉಡುವವರಿಲ್ಲದೆ ನೇಕಾರರು ದೇವಿ ಚೌಡೇಶ್ವರಿಯನ್ನು ತಲೆಯ ಮೇಲೆ ಹೊತ್ತು ದಕ್ಷಿಣಕ್ಕೆ ನಡೆದರು. ವಿಜಯನಗರದ ಸೇನೆ ಸೋತುದು 1565ರಲ್ಲಿ. ಉತ್ತರದಿಂದ ಬಂದ ಬೇರೆ ಕೆಲವು ಕುಲಗಳವರು, ಬೆನ್ನಟ್ಟಿ ಬಂದವರಿಂದ ಪಾರಾಗಲು ಹೊಳೆಯ ಎರಡು ದಡದ ಹೊಂಗೆಮರಗಳು ಬಾಗಿ ಸೇತುವೆಯಾದವೆಂದು ಕಥೆ ಹೇಳುವರು. ನಾನು ಈ ಕಥೆಗಳನ್ನು ಹಗುರಮಾಡುವವನಲ್ಲ. ಕೊಯಮತ್ತೂರಿನಲ್ಲಿ ಇಂದಿಗೂ ವಿಜಯದಶಮಿಯ ದಿನ ದೇವಾಂಗದ ತರುಣರು ಅಲಗುಸೇವೆ ಮಾಡಿ ದೇವಿಯನ್ನು ಕರೆತರುವುದನ್ನು ಕಂಡವರು ಯಾರೂ ಹಗುರಮಾಡಲಾರರು. ಆದರೆ ಎಲ್ಲರೂ ಓಡಿಯೇ ಬಂದರೆಂಬುದನ್ನು ಮಾತ್ರ ನಾನು ನಂಬಲಾರೆ. ನೂಲು ಸಿಕ್ಕುವ ಕಡೆಗೆ, ಸೀರೆ ಮಾರುವ ಕಡೆಗೆ ನೇಕಾರನು ನಡೆಯುತ್ತಾನೆ. ಒಳ್ಳೆಯ ಕಪ್ಪು ಮಣ್ಣು ಕಂಡ ಕಡೆ ಒಕ್ಕಲಿಗನು ನೇಗಿಲು ಊರುತ್ತಾನೆ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಒಡೆಯರ ಸೇನೆ ಘಟ್ಟವಿಳಿದ ಮೇಲೆ, 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೂ, ಕೊಂಗುನಾಡಿನ ಬಹುಭಾಗ ಮೈಸೂರಿನ ಆಳ್ವಿಕೆಯಲ್ಲಿತ್ತು. ಅಂದರೆ ನಮ್ಮ ಮುತ್ತಾತನ ಮುತ್ತಾತನಿಗೆ ಘಟ್ಟವಿಳಿಯುವುದು ಪರದೇಶಕ್ಕೆ ಹೋದಂತೆ ಕಂಡಿರಲಾರದು. ಅರಮನೆಯ ಅಂಗಳದಿಂದ ಹಿತ್ತಿಲಿಗೆ ಹೋದಂತೆ ಕಂಡಿರಬೇಕು.

ಅದಕ್ಕೂ ಹಿಂದಿನ ಗುರುತು ಬೇಕೆನ್ನುವವರು ಭವಾನಿಸಾಗರಕ್ಕೆ ಹೋಗಬೇಕು. ಮೋಯಾರು ಹೊಳೆ ಭವಾನಿಯನ್ನು ಕೂಡುವ ಆ ಎಡೆಯಲ್ಲಿ ಹೊಯ್ಸಳರ ಕಾಲದ ದಂಡನಾಯಕನ ಕೋಟೆಯೊಂದು ಇದ್ದಿತು. 1948ರಿಂದ 1955ರವರೆಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಅದು ಮುಳುಗಿಹೋಯಿತು. ಮಳೆ ಕೈಕೊಟ್ಟ ವರ್ಷ ನೀರು ಇಳಿದಾಗ ಅಲ್ಲಿಯ ಮಾಧವರಾಯನ ಗುಡಿ ಮೇಲಕ್ಕೆ ಕಾಣಿಸಿಕೊಳ್ಳುವುದು. ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುವರು. ನಾನೂ ಒಮ್ಮೆ ಹೋಗಿದ್ದೆ. ಕಂಬದ ಮೇಲೆ ಕೆಸರು ಒಣಗಿ ಬಿರುಕುಬಿಟ್ಟಿತ್ತು. ಜೊತೆಗೆ ಬಂದಿದ್ದ ತಮಿಳು ಮಿತ್ರರು, “ನಿಮ್ಮವರು ಕಟ್ಟಿದ್ದು, ನಮ್ಮವರು ಮುಳುಗಿಸಿದ್ದು” ಎಂದು ನಕ್ಕರು. ನಾನು, “ಆ ನೀರು ಕುಡಿದು ಬೆಳೆದವನು ನಾನೇ ಅಲ್ಲವೇ?” ಎಂದೆ. ನೀರಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುವೆನು: ಕೊಯಮತ್ತೂರು ಪಟ್ಟಣಕ್ಕೆ ಹೆಸರು ತಂದಿರುವ ಸಿರುವಾಣಿಯ ಸಿಹಿನೀರು ಬರುವುದು ಕೇರಳದ ಗಡಿಯೊಳಗಿನ ಜಲಾಶಯದಿಂದ.

ಈಗ ವಿಳಾಸದ ವಿಚಾರ. ಕೊಂಗುನಾಡಿನ ತಮಿಳರು ಬಹಳ ಮರ್ಯಾದೆಯ ಜನ. ಹೊಸಬರನ್ನು ಕಂಡರೆ “ಎಂದ ಊರುಂಗ?” ಎಂದು ಕೇಳುವರು. ಯಾವ ಊರಿನವರು ತಾವು, ಎಂದು ಅರ್ಥ. ಆ ಕೊನೆಯ ‘ಉಂಗ’ದಲ್ಲಿ ಇರುವ ಮೃದುತ್ವವನ್ನು ಬೇರೆ ಯಾವ ಮಾತಿನಲ್ಲಿ ಹೇಳಲೂ ಬಾರದು. ಸಿರುಮುಗೈ ಎಂದು ಹೇಳಿದರೆ ಸರಿ ಎಂದು ಸುಮ್ಮನಾಗುವರು. ಆದರೆ ಮನೆಯೊಳಗೆ ನಾವು ಕನ್ನಡವಾಡುವುದು ಕಿವಿಗೆ ಬಿದ್ದೊಡನೆ ಎರಡನೆಯ ಪ್ರಶ್ನೆ: “ಅದಲ್ಲ, ಸ್ವಂತ ಊರು ಯಾವುದು?” ನಾನೂರು ವರ್ಷ ಒಂದು ಹೊಳೆಯ ನೀರು ಕುಡಿದವನಿಗೂ ಸ್ವಂತ ಊರು ಬೇರೆಲ್ಲೋ ಇರಬೇಕೆಂಬುದು ಅವರ ಭಾವನೆ. ಕೆಡುಕಿನಿಂದ ಕೇಳುವವರಲ್ಲ, ಕುತೂಹಲದಿಂದ ಕೇಳುವವರು. ಆದರೂ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಾತಿನ ಚೋದ್ಯ ನೋಡಿ: ಊರು, ನಾಡು ಎಂಬ ಪದಗಳು ಎರಡು ಭಾಷೆಗೂ ಸಮಾನ. ಕನ್ನಡದ ಮನೆ ತಮಿಳಿನಲ್ಲಿ ಮನೈ; ಆದರೆ ಈಗಿನ ತಮಿಳರು ಮನೈ ಎಂದು ಹೆಚ್ಚಾಗಿ ಹೇಳುವುದು ಮನೆ ಕಟ್ಟುವ ನಿವೇಶನಕ್ಕೆ. ಒಂದೇ ಪದ ನಮ್ಮಲ್ಲಿ ಕಟ್ಟಿ ಮುಗಿದುದು, ಅವರಲ್ಲಿ ಇನ್ನು ಕಟ್ಟಬೇಕಾದುದು.

ಅಂಚೆಗೆ ನಾನು ಸೇರುವುದಕ್ಕೆ ಒಂದು ವರ್ಷ ಮೊದಲು, 1972ರ ಆಗಸ್ಟ್ 15ರಂದು, ಆರು ಅಂಕಿಯ ಪಿನ್ ಸಂಖ್ಯೆ ಜಾರಿಗೆ ಬಂದಿತ್ತು. ಕರ್ನಾಟಕದ ಸಂಖ್ಯೆಗಳು ಐದರಿಂದ, ತಮಿಳುನಾಡಿನವು ಆರರಿಂದ ಮೊದಲಾಗುವುವು. ಕೊಳ್ಳೇಗಾಲ 571440, ಕೊಯಮತ್ತೂರು 641001. ಕನ್ನಡ ಅಕ್ಷರ ಬಲ್ಲವನೆಂದು ಗೊತ್ತಾದ ಮೇಲೆ ಕನ್ನಡದಲ್ಲಿ ವಿಳಾಸ ಬರೆದ ಕಾಗದಗಳೆಲ್ಲ ನನ್ನ ಮೇಜಿಗೆ ಬರತೊಡಗಿದವು. ಸೋದರಮಾವನು ಬೇಸಗೆಯ ರಜದಲ್ಲಿ ಕೊಳ್ಳೇಗಾಲದ ಮನೆಯ ಜಗಲಿಯ ಮೇಲೆ ಸ್ಲೇಟು ಹಿಡಿಸಿ ಕಲಿಸಿದ ಅಕ್ಷರಕ್ಕೆ ಹೀಗೊಂದು ಉಪಯೋಗವಾದೀತೆಂದು ಅವನೂ ಎಣಿಸಿರಲಿಲ್ಲ. ಮೊದಮೊದಲು ಅವು ವಾರಕ್ಕೆ ನಾಲ್ಕೈದು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳು ಪರದೇಶಗಳಿಗೆ ಬಟ್ಟೆ ಕಳುಹಿಸಲು ತೊಡಗಿ ಬೆಳೆದಂತೆಲ್ಲ ಕಾಗದಗಳೂ ಬೆಳೆದವು. ತಿರುಪ್ಪೂರಿನಲ್ಲಿ ದುಡಿಯುವ ಮಗನಿಗೆ ಈ ಕಡೆಯ ಹಳ್ಳಿಯಿಂದ ತಂದೆ ಬರೆಸಿದ ಕಾಗದ. ಮಗ ಕಳುಹಿಸುವ ಮನಿಯಾರ್ಡರು. ಮನಿಯಾರ್ಡರಿನ ಕೆಳಭಾಗದಲ್ಲಿ ನಾಲ್ಕು ಸಾಲು ಬರೆಯುವುದಕ್ಕೆ ಸ್ಥಳವಿರುತ್ತಿತ್ತು. ಎಷ್ಟೋ ಮಂದಿ ಹುಡುಗರು ನನ್ನ ಕಿಟಕಿಯ ಮುಂದೆ ನಿಂತು, “ನೀವೇ ಬರೆದುಬಿಡಿ ಸ್ವಾಮಿ” ಎನ್ನುವರು. ಏನು ಬರೆಯಲಿ ಎಂದರೆ, “ಚೆನ್ನಾಗಿದೀನಿ ಅಂತ ಬರೀರಿ.” ಅವರ ಬೆರಳ ತುದಿಯಲ್ಲಿ ಬಣ್ಣದ ಕಲೆ, ಕಣ್ಣಿನಲ್ಲಿ ರಾತ್ರಿಪಾಳಿಯ ನಿದ್ರೆ. ಚೆನ್ನಾಗಿದ್ದೇನೆ ಎಂದು ನಾನು ಬರೆದುದರಲ್ಲಿ ಎಷ್ಟು ನಿಜವೋ ದೇವರೇ ಬಲ್ಲ.

ಈಗ ನನ್ನ ಸ್ವಂತದ ಒಂದು ಸಂಗತಿ. ನನ್ನ ತಮ್ಮನು ನೇಯ್ಗೆ ಬಿಟ್ಟು 1978ರಲ್ಲಿ ಬೆಂಗಳೂರಿಗೆ ಹೋದನು. “ನಮ್ಮ ನಾಡಿಗೇ ಹೋಗುತ್ತೇನೆ” ಎಂದು ಹೇಳಿ ಹೋದನು. ಹೋದ ಮೇಲೆ ಏನಾಯಿತು? ಅವನ ಕನ್ನಡ ಕೇಳಿದವರು ನಕ್ಕರು. ಹುಟ್ಟಿದ ಊರು ಕೊಯಮತ್ತೂರು ಜಿಲ್ಲೆಯೆಂದು ತಿಳಿದ ಮೇಲೆ ಅವನು ಆ ವಠಾರಕ್ಕೆ “ತಮಿಳರ ಮನೆಯವನು” ಆದನು. ನಾನು ಕೊಯಮತ್ತೂರಿನಲ್ಲಿ ಕನ್ನಡದವನು, ನನ್ನ ಒಡಹುಟ್ಟಿದ ತಮ್ಮನು ಬೆಂಗಳೂರಿನಲ್ಲಿ ತಮಿಳಿನವನು! ಕೆಲವು ವರ್ಷ ಇದೂ ನಮಗೆ ನಗೆಯ ಮಾತೇ ಆಗಿತ್ತು. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಪ್ರಕಟವಾದ ಮೇಲೆ ಬೆಂಗಳೂರಿನಲ್ಲಿ ಗಲಭೆ ಎದ್ದಿತು. ತಮಿಳರ ಮನೆ ಅಂಗಡಿಗಳಿಗೆ ಬೆಂಕಿ ಬಿದ್ದಿತು. ತಮ್ಮನ ಸಂಸಾರವನ್ನು ಎದುರುಮನೆಯ ಕನ್ನಡದ ಉಪಾಧ್ಯಾಯರೊಬ್ಬರು ಮೂರು ದಿನ ತಮ್ಮ ಮನೆಯೊಳಗಿಟ್ಟು ಕಾಪಾಡಿದರು. ಆಮೇಲೆ ಅವರು ರೈಲು ಹತ್ತಿ ನಮ್ಮಲ್ಲಿಗೆ ಬಂದರು. ಅದೇ ವಾರ ನಮ್ಮ ಬೀದಿಯ ತುದಿಯಲ್ಲಿದ್ದ ಉಡುಪಿ ಹೋಟೆಲಿನವರು ತಮ್ಮ ಫಲಕದ ಮೇಲೆ ಗೋಣಿಚೀಲ ಹೊದಿಸಿದ್ದರು. ಅಕ್ಕಪಕ್ಕದ ತಮಿಳು ಅಂಗಡಿಯವರೇ ಬಂದು, ಕಟ್ಟುವುದಕ್ಕೆ ಹಗ್ಗ ಕೊಟ್ಟು ಸಹಾಯ ಮಾಡಿದರು. ರಾತ್ರಿ ಊಟಕ್ಕೆ ಕುಳಿತಾಗ ತಮ್ಮನ ಹಿರಿಯ ಹುಡುಗಿ, ಏಳು ವರ್ಷದವಳು, “ದೊಡ್ಡಪ್ಪ, ಅಲ್ಲಿ ನಾವು ತಮಿಳು ಅಂತ ಓಡಿಬಂದೆವು. ಇಲ್ಲಿ ನಾವು ಕನ್ನಡ ಅಂತ ಮೆತ್ತಗೆ ಮಾತಾಡು ಅಂತೀರಿ. ಮತ್ತೆಲ್ಲಿಗೆ ಹೋಗೋದು?” ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ನಮ್ಮ ತಾಯಿ ಎದ್ದು ಅವಳ ಎಲೆಗೆ ಇನ್ನಷ್ಟು ಮೊಸರು ಬಡಿಸಿದಳು.

ಆ ರಾತ್ರಿ ನನ್ನ ಮನಸ್ಸು ಒಂದು ಕಡೆಗೆ ಗಟ್ಟಿಯಾಯಿತು. ಕೊಳ್ಳೇಗಾಲಕ್ಕೆ ಹೋಗಿಬಿಡಬೇಕು, ಅಲ್ಲಾದರೂ ಮೈಸೂರಿಗೆ. ಅಲ್ಲಿ ನಮ್ಮನ್ನು ಯಾರೂ ಏನೂ ಕೇಳರು; ತಾಯಿಗೂ ಮುಪ್ಪಿನಲ್ಲಿ ತವರು ದೊರೆಯುವುದು; ಮಕ್ಕಳು ಕನ್ನಡ ಅಕ್ಷರ ಕಲಿಯುವರು. ಇಲಾಖೆಯಲ್ಲಿ ಒಂದು ವೃತ್ತದಿಂದ ಇನ್ನೊಂದಕ್ಕೆ ಸ್ವಂತ ಕೋರಿಕೆಯ ಮೇಲೆ ವರ್ಗವಾಗಬಹುದು. ಆದರೆ ಹೋದ ಕಡೆ ಸೇವಾಹಿರಿತನ ಹೋಗಿ ಕೊನೆಯವನಾಗಿ ನಿಲ್ಲಬೇಕು. ಹದಿನೆಂಟು ವರ್ಷದ ಹಿರಿತನವನ್ನು ಬಿಡಲು ಸಿದ್ಧನಾಗಿ ಅರ್ಜಿ ಕೊಟ್ಟೆ. ಒಂದೂವರೆ ವರ್ಷದ ಮೇಲೆ ಆದೇಶ ಬಂದಿತು. ಆ ಕಾಗದವನ್ನು ತಾಯಿಯ ಪಾದದ ಬಳಿಯಿಟ್ಟು ಹೇಳಿದೆ. ದಿನಕ್ಕೆ ಮೂರು ಸಲ “ನಮ್ಮ ಕೊಳ್ಳೇಗಾಲದಲ್ಲಿ” ಎಂದು ಮಾತು ತೆಗೆಯುತ್ತಿದ್ದವಳು ಆಕೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆಂದಳು: “ತವರಿಗೆ ಹೋಗಿ ಬರಬೇಕು ಕಣಪ್ಪ, ಹೋಗಿ ಕೂರಬಾರದು. ಅಣ್ಣ ಹೋದ, ಅತ್ತಿಗೆ ಹೋದಳು. ನನ್ನ ಕುಣಿ ಇಲ್ಲೇ ಇದೆ.”

ಕುಣಿಯೆಂದರೆ ಮಗ್ಗದ ಕುಣಿಯೆಂದು ನಾನು ತಿಳಿದೆ. ಮಗ್ಗ ಮಾರಿ ಅಷ್ಟು ವರ್ಷವಾದ ಮೇಲೂ ಮಣ್ಣು ತುಂಬದೆ ಹಲಗೆ ಮುಚ್ಚಿಟ್ಟಿದ್ದ ಆ ಗುಳಿಗಾಗಿ ಈಕೆ ನನ್ನ ಹಿರಿತನದ ತ್ಯಾಗವನ್ನೆಲ್ಲ ನೀರುಪಾಲು ಮಾಡುವಳೇ ಎಂದು ಸಿಟ್ಟು ಬಂದಿತು. ಮಕ್ಕಳೇ, ನಾಚಿಕೆಯ ಸಂಗತಿಯಾದರೂ ಹೇಳುತ್ತೇನೆ: ಒಂದು ತಿಂಗಳ ಕಾಲ ನಾನು ತಾಯಿಯೊಡನೆ ಮಾತನಾಡಲಿಲ್ಲ. ಆದೇಶವನ್ನು ಹಿಂದಿರುಗಿಸಿದೆ. 2004ರಲ್ಲಿ ಆಕೆ ತೀರಿಕೊಂಡಳು. ಭವಾನಿಯ ದಡದ ನಮ್ಮ ರುದ್ರಭೂಮಿಯಲ್ಲಿ ತಂದೆಯ ಪಕ್ಕದಲ್ಲಿ ಮಣ್ಣು ತೋಡುತ್ತಿರುವಾಗಲೇ ಆ ಮಾತಿನ ಇನ್ನೊಂದು ಅರ್ಥ ನನಗೆ ಹೊಳೆದುದು.

ಆಕೆಯ ನಿರ್ಧಾರ ಸರಿಯೇ? ಆಕೆಯ ಮಟ್ಟಿಗೆ ಸರಿ. ನನ್ನ ಮಕ್ಕಳ ಮಟ್ಟಿಗೆ ನಾನು ಇಂದಿಗೂ ನಿಶ್ಚಯಿಸಿ ಹೇಳಲಾರೆ. ಸೋದರಮಾವನು ತಂಗಿಗೆ ನಲವತ್ತು ವರ್ಷ ಬರೆದ ಕಾಗದಗಳ ಕಟ್ಟೊಂದು ನನ್ನ ಪೆಟ್ಟಿಗೆಯಲ್ಲಿದೆ. ಹುಡುಗನಾಗಿದ್ದಾಗ ತಾಯಿಗೆ ಅವನ್ನು ಓದಿ ಹೇಳುತ್ತಿದ್ದವನು ನಾನು. ನನ್ನ ಮಗನೂ ಮಗಳೂ ತಮಿಳಿನಲ್ಲಿ ಚೆನ್ನಾಗಿ ಓದಿ ಮುಂದೆ ಬಂದಿದ್ದಾರೆ. ಮನೆಯಲ್ಲಿ ಕನ್ನಡ ಆಡುತ್ತಾರೆ. ಆ ಕಟ್ಟಿನಲ್ಲಿರುವ ಒಂದು ಸಾಲನ್ನು ಮಾತ್ರ ಓದಲಾರರು. ನಾನು ಕಲಿಸಬಹುದಾಗಿತ್ತು. ಪಾಳಿಯ ಕೆಲಸ, ದಣಿವು, ನಾಳೆ ನೋಡೋಣವೆಂಬ ಉದಾಸೀನ. ಗಡಿಯ ಮೇಲೆ, ಸರ್ಕಾರದ ಮೇಲೆ ತಪ್ಪು ಹೊರಿಸುವುದು ಸುಲಭ. ಸ್ಲೇಟು ಬಳಪ ಕೊಳ್ಳುವುದಕ್ಕೆ ಯಾವ ಸರ್ಕಾರ ಅಡ್ಡಬಂದಿತ್ತು? ಈಚೆಗೆ ಮೊಮ್ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಕೆನಡಾ ದೇಶಕ್ಕೆ ಹೋಗುವ ಯೋಚನೆಯೂ ಇದೆಯಂತೆ. ಬೆಂಗಳೂರಿನ ಬಸ್ಸಿನ ಫಲಕ ಓದಲು ಅಕ್ಷರ ಬೇಕೆಂದು ಈಗ ರಾತ್ರಿ ದೂರವಾಣಿಯಲ್ಲಿ ನನ್ನಿಂದ ಕಾಗುಣಿತ ಹೇಳಿಸಿಕೊಳ್ಳುತ್ತಿದ್ದಾಳೆ. ಒತ್ತಕ್ಷರಕ್ಕೆ ಬಂದಿದ್ದೇವೆ.

“ನಿಮ್ಮ ನಾಡಿಗೆ ನೀವು ಹೋಗಿ” ಎಂದು ಹೇಳಿಸಿಕೊಂಡವರ ಪಾಡು ಏನೆಂಬುದನ್ನು ನಾನು ನೀಲಗಿರಿಯ ಕಡೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಸಿಂಹಳದ ಟೀತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ತಮಿಳರ ವಿಷಯದಲ್ಲಿ 1964ರ ಅಕ್ಟೋಬರ್ 30ರಂದು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಗಳಿಗೂ ಸಿಂಹಳದ ಪ್ರಧಾನಿ ಸಿರಿಮಾವೊ ಬಂಡಾರನಾಯಕೆಯವರಿಗೂ ಒಪ್ಪಂದವಾಯಿತು: 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಂಹಳಕ್ಕೆ, ಉಳಿದ 1,50,000 ಮಂದಿಯ ಮಾತು ಮುಂದಕ್ಕೆ. ಅಕ್ಕಿಯ ಮೂಟೆಗಳನ್ನು ಪಾಲುಮಾಡಿದಂತೆ ಲೆಕ್ಕ. ಹಾಗೆ ಬಂದವರಿಗಾಗಿ ನೀಲಗಿರಿಯಲ್ಲಿ ಸರ್ಕಾರ 1968ರಲ್ಲಿ ಟೀತೋಟಗಳನ್ನು ತೆರೆಯಿತು. ಅವರಲ್ಲಿ ಒಬ್ಬ ಮುದುಕಿ ಅಂಚೆ ಕಿಟಕಿಯಲ್ಲಿ ನಿಂತು, ಕ್ಯಾಂಡಿಗೆ ಕಾಗದ ಹಾಕಲು ಎಷ್ಟು ಚೀಟಿ ಹಚ್ಚಬೇಕೆಂದು ಕೇಳುತ್ತಿದ್ದಳು. “ಊರಿಗೆ ಬಂದಿರಾ ಪಾಟಿ?” ಎಂದು ನಾನು ಉಪಚಾರಕ್ಕೆ ಕೇಳಿದರೆ, “ಬಂದಿದ್ದೇನೆ ಅಂತಾರೆ ಸಾಮಿ” ಎಂದಳು. ಅಂಥವರಲ್ಲಿ ಕೆಲವರನ್ನು ನಮ್ಮ ಕರ್ನಾಟಕವೂ ಸುಳ್ಯ, ಪುತ್ತೂರುಗಳ ರಬ್ಬರು ತೋಟಗಳಲ್ಲಿ ಇರಿಸಿಕೊಂಡಿತು. ಅವರ ಮೊಮ್ಮಕ್ಕಳು ಇಂದು, ತಮ್ಮ ಹಾಗೆಯೇ, ಕನ್ನಡ ಶಾಲೆಯಲ್ಲಿ ಕಾಗುಣಿತ ಹೇಳುತ್ತಿದ್ದಾರೆ.

ಇಷ್ಟು ಹೊತ್ತು ಘಟ್ಟದ ಕೆಳಗಿನವರ ಮಾತಾಯಿತು. ಇನ್ನು ಮೇಲಿನವರ ಮಾತು; ಅದಕ್ಕಾಗಿಯೇ ನಾನು ಮುಖ್ಯವಾಗಿ ಬಂದಿರುವುದು. ಮಳೆ ಸರಿಯಾಗಿಲ್ಲದ ವರ್ಷಗಳಲ್ಲಿ ಈ ಊರಿನ ಅನೇಕ ಸಂಸಾರಗಳು ತಿರುಪ್ಪೂರಿಗೆ ಹೋಗುತ್ತಿವೆಯೆಂದೂ, ಹೋದವರ ಮಕ್ಕಳ ಹೆಸರು ಹಾಜರಿ ಪುಸ್ತಕದಿಂದ ಹೋಗುತ್ತಿದೆಯೆಂದೂ ಕಾರ್ಯದರ್ಶಿಗಳು ಬರೆದಿದ್ದರು. ಹೋಗಬೇಡಿರೆಂದು ನಾನು ಹೇಳಿದರೆ ಅದು ಹೊಟ್ಟೆ ತುಂಬಿದವನ ಬುದ್ಧಿವಾದವಾದೀತು. 1932ರಲ್ಲಿ ಪೈಕಾರದ ವಿದ್ಯುಚ್ಛಕ್ತಿ ಬಂದ ಮೇಲೆ ಕೊಯಮತ್ತೂರಿನ ಗಿರಣಿಗಳೂ, ಆಮೇಲೆ ತಿರುಪ್ಪೂರಿನ ಹೆಣಿಗೆಯೂ ಲಕ್ಷಾಂತರ ಮಂದಿಗೆ ಅನ್ನ ಕೊಟ್ಟಿವೆ. ಒಡಿಶಾ, ಬಿಹಾರ, ಜಾರ್ಖಂಡ್‌ಗಳಿಂದ ಜನ ರೈಲು ತುಂಬಿ ಬರುತ್ತಿರುವರು. ಘಟ್ಟವಿಳಿದು ಬರುವ ನಿಮಗೆ ಅದು ದೂರವೇ ಅಲ್ಲ. ಆದರೆ ಹೋಗುವವರು ಕೆಲವು ಸಂಗತಿ ತಿಳಿದು ಹೋಗಬೇಕು.

ಆ ಅನ್ನದ ಬೆಲೆಯನ್ನು ನೊಯ್ಯಲ್ ಹೊಳೆ ತೆತ್ತಿದೆ. ಬಣ್ಣದ ನೀರು ತುಂಬಿ ಒರತ್ತುಪಾಳ್ಯದ ಅಣೆಕಟ್ಟು ಬೇಸಾಯಕ್ಕೆ ಬಾರದಂತಾಯಿತು; 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿದಾಗ ಒಂದೇ ವಾರದಲ್ಲಿ ಎಷ್ಟೋ ಸಂಸಾರಗಳು ಮೂಟೆ ಕಟ್ಟಿದವು. ಆ ವಾರ ನನ್ನ ಕಿಟಕಿಯಲ್ಲಿ ಮನಿಯಾರ್ಡರುಗಳು ಇಳಿದುಹೋದವು. “ಹಣ ಕಳುಹಿಸಿ” ಎಂಬ ಕಾಗದಗಳು ಏರಿದವು. ಎಂದರೆ, ಪರದೇಶದ ಅಂಗಡಿಯಲ್ಲಿ ಬನಿಯನ್ ಮಾರಾಟವಾಗದಿದ್ದರೂ, ನ್ಯಾಯಾಲಯದ ಒಂದು ಆಜ್ಞೆಯಾದರೂ ಒಲೆ ಆರುವ ಊರು ಅದು. ಊರಿನ ಹೊಲವನ್ನು ಮಾರಿ ಹೋಗಬೇಡಿ; ಗುತ್ತಿಗೆಗೆ ಕೊಟ್ಟು ಹೋಗಿ.

ಹೆಣ್ಣುಮಕ್ಕಳ ತಾಯಿಯರಿಗೆ ಪ್ರತ್ಯೇಕವಾಗಿ ಒಂದು ಬಿನ್ನಹ. ಮೂರು ವರ್ಷ ನೂಲಿನ ಗಿರಣಿಯಲ್ಲಿ ದುಡಿದರೆ ಮದುವೆಗೆ ಒಟ್ಟುಮೊತ್ತ ಕೊಡುತ್ತೇವೆಂದು ಹೇಳಿ ಹಳ್ಳಿಗಳಿಗೆ ದಲ್ಲಾಳಿಗಳು ಬರುತ್ತಿದ್ದರು. ಸುಮಂಗಲಿ ಯೋಜನೆಯೆಂದು ಅದಕ್ಕೊಂದು ಮಂಗಳಕರವಾದ ಹೆಸರು. ಅವಧಿ ಮುಗಿಯುವ ಮುನ್ನ ಕಾಯಿಲೆಯಿಂದ ಮನೆಗೆ ಬಂದವಳಿಗೆ ಒಟ್ಟುಮೊತ್ತ ಕೈಗೆ ಬಾರದೆ ಹೋದ ಸಂಗತಿಗಳು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿವೆ. ಯಾವ ಹೆಸರಿನಲ್ಲಿ ಬಂದರೂ ಸರಿಯೇ, ತಿಂಗಳ ಸಂಬಳವನ್ನು ತಿಂಗಳಿಗೆ ಕೊಡದ ಕಡೆಗೆ ಮಗಳನ್ನು ಕಳುಹಿಸಬೇಡಿ.

ಮಕ್ಕಳ ಓದಿನ ವಿಷಯ. ತಮಿಳುನಾಡಿನ 2006ರ ತಮಿಳು ಕಲಿಕೆಯ ಕಾಯಿದೆಯಂತೆ ಅಲ್ಲಿಯ ಶಾಲೆಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯವಾಗಿ ಕಲಿಯಬೇಕು. ಮೂರನೆಯ ತರಗತಿಯ ಮಗು ಹೋದರೆ ಒಂದು ವರ್ಷದಲ್ಲಿ ತಮಿಳು ಕಲಿತುಬಿಡುವುದು. ಅದಕ್ಕೆ ಭಯಪಡಬೇಡಿ, ಅದು ಅದರ ಭಾಗ್ಯವೆಂದೇ ತಿಳಿಯಿರಿ. ಎಂಟನೆಯ ತರಗತಿಯ ಮಗುವನ್ನು ನಡುವೆ ಕಿತ್ತು ಒಯ್ದರೆ ಅದು ಎರಡೂ ಕಡೆ ಸಲ್ಲದೆ ಬನಿಯನ್ ಕಾರ್ಖಾನೆಯ ದಾರ ಕತ್ತರಿಸುವ ಮೇಜಿಗೆ ಹೋಗಿ ನಿಲ್ಲುವುದು. ಅಂಥ ಮಗುವನ್ನು ಹತ್ತನೆಯದು ಮುಗಿಯುವವರೆಗೆ ಅಜ್ಜಿಯ ಬಳಿ ಇಲ್ಲಿಯೇ ಬಿಟ್ಟು ಹೋಗುವುದು ಮೇಲು. ಹೋಗುವಾಗ ಶಾಲೆಯ ವರ್ಗಾವಣೆ ಪತ್ರವನ್ನು ಮರೆಯದೆ ಪಡೆಯಿರಿ. ಪಡಿತರ ಚೀಟಿಯೊಂದಿದ್ದರೆ ಈಗ ಬೇರೆ ರಾಜ್ಯದಲ್ಲಿಯೂ ಧಾನ್ಯ ಪಡೆಯಬಹುದು. ಬಾಗಿಲಿನಲ್ಲಿ “ಎಂದ ಊರುಂಗ?” ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸದೆ ಈ ಊರಿನ ಹೆಸರು ಹೇಳಿ. ಅವರು ಆ ಹೆಸರನ್ನು ಕೇಳಿರುವುದಿಲ್ಲ, ಎಲ್ಲಿ ಬರುವುದೆಂದು ಕೇಳುವರು, ಹೇಳಿ. ನನ್ನ ಅನುಭವದಲ್ಲಿ ಪರಿಚಯವೆಲ್ಲ ಅಲ್ಲಿಂದಲೇ ಮೊದಲಾಗುವುದು.

ಬಾಲಕ ಬಾಲಕಿಯರೇ, ಘಟ್ಟದ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ 2022ರಿಂದ ನಿರ್ಬಂಧವಿರುವುದರಿಂದ ನಾನು ಹೊತ್ತು ಮುಳುಗುವ ಮುನ್ನ ಬಣ್ಣಾರಿ ಸೇರಬೇಕು. ಹೊರಡುವ ಮೊದಲು ಒಂದು ಚಿಕ್ಕ ಕಾಣಿಕೆ. ಈ ಕಟ್ಟಿನಲ್ಲಿ ನೂರು ಅಂಚೆ ಕಾರ್ಡುಗಳಿವೆ. ಒಂದಕ್ಕೆ ಐವತ್ತು ಪೈಸೆ. ಒಟ್ಟು ಐವತ್ತು ರೂಪಾಯಿ. ಆದುದರಿಂದ ಯಾರೂ ಚಪ್ಪಾಳೆ ತಟ್ಟಬೇಕಾಗಿಲ್ಲ. ಪ್ರತಿಯೊಂದರ ಮೇಲೂ ಈ ಶಾಲೆಯ ವಿಳಾಸವನ್ನು, ಪಿನ್ ಸಂಖ್ಯೆ ಸಹಿತ, ನನ್ನ ಕೈಯಿಂದಲೇ ಬರೆದಿದ್ದೇನೆ. ತಾಯ್ತಂದೆಗಳ ಜೊತೆಯಲ್ಲಿ ತಿರುಪ್ಪೂರಿಗೋ ಕೊಯಮತ್ತೂರಿಗೋ ಇನ್ನೆಲ್ಲಿಗೋ ಹೋಗುವ ಮಗುವಿಗೆ ಮುಖ್ಯೋಪಾಧ್ಯಾಯರು ಐದೈದು ಕಾರ್ಡು ಕೊಡುವರು. ತಿಂಗಳಿಗೊಂದು ಬರೆಯಬೇಕು; ಕನ್ನಡದಲ್ಲಿ ಬರೆಯಬೇಕು. “ಚೆನ್ನಾಗಿದ್ದೇನೆ” ಎಂದಷ್ಟೇ ಬರೆದರೆ ಒಪ್ಪತಕ್ಕುದಲ್ಲ. ಅಲ್ಲಿಯ ಮನೆ ಹೇಗಿದೆ, ನೀರು ಎಲ್ಲಿಂದ ಬರುತ್ತದೆ, ಪಕ್ಕದ ಮನೆಯವರ ಹೆಸರೇನು, ತಮಿಳಿನ ಯಾವ ಮಾತು ಹೊಸದಾಗಿ ಕಲಿತೆ, ಇಷ್ಟನ್ನೂ ಬರೆಯಬೇಕು. ಇಲ್ಲಿ ಉಳಿದಿರುವ ಸಹಪಾಠಿಗಳು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಮರುಟಪ್ಪಾಲಿಗೆ ಉತ್ತರ ಬರೆಯಬೇಕು. ಮೊದಲನೆಯ ಕಾರ್ಡು ಯಾರಿಗೆ ಬೇಕೆಂದು ಕಾರ್ಯದರ್ಶಿಗಳನ್ನು ಕೇಳಿದೆ. ಬರುವ ಸೋಮವಾರ ಹೊರಡುವ ಸಂಸಾರವೊಂದಿದೆಯಂತೆ. ಐದನೆಯ ತರಗತಿಯ ಹುಡುಗಿ. ಅಲ್ಲಿ ಕಂಬದ ಪಕ್ಕದಲ್ಲಿ ಕುಳಿತಿದ್ದಾಳೆ. ಬಾ ತಾಯಿ, ಮುಂದಕ್ಕೆ ಬಾ.